ಕುಲುಮೆಯೂ ತಿದಿಯೂ: ಮೈಟೊಕಾಂಡ್ರಿಯ ರೋಗಗಳಲ್ಲಿ ಉಸಿರಾಟದ ರಕ್ಷಣೆ

ಕಬಡ್ಡಿಯಲ್ಲಿ ಎದುರಾಳಿಗಳ ಅಂಕಣಕ್ಕೆ ನುಗ್ಗಿದ ಹುಡುಗನ ಬಲವನ್ನು ನಾವು ಅವನ ತೋಳುತೊಡೆಗಳಿಂದ ಮಾತ್ರವಲ್ಲದೆ ಅವನ ದಮ್ಮಿನಿಂದಲೂ ಅಳೆಯುತ್ತೇವೆ. ದಮ್ಮು ಮುಗಿದರೆ ಅವನ ಸರದಿಯೂ ಮುಗಿಯಿತು. ಈ ದಮ್ಮು ಎಲ್ಲಿಂದ ಬರುತ್ತದೆಂದು ಕೇಳಿದರೆ ಬಹುಮಂದಿ ಎದೆಯನ್ನು ಮುಟ್ಟಿ ಶ್ವಾಸಕೋಶವನ್ನು ತೋರಿಸುವರು. ಈ ಉತ್ತರ ತಪ್ಪಲ್ಲ, ಆದರೆ ಪೂರ್ಣವೂ ಅಲ್ಲ. ಶ್ವಾಸಕೋಶವು ತಾನಾಗಿ ಉಬ್ಬಲಾರದು. ಎದೆಗೂ ಹೊಟ್ಟೆಗೂ ನಡುವೆ ಕಮಾನಿನಂತೆ ಹರಡಿರುವ ವಪೆಯೆಂಬ ಸ್ನಾಯು ಕೆಳಕ್ಕೆ ಇಳಿದು, ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಎದೆಗೂಡನ್ನು ಮೇಲೆತ್ತಿದಾಗ ಒಳಗಿನ ಒತ್ತಡ ಕುಗ್ಗುತ್ತದೆ; ಹೊರಗಿನ ಗಾಳಿ ಒಳಕ್ಕೆ ಹರಿಯುತ್ತದೆ. ಇದು ಕಮ್ಮಾರನ ತಿದಿಯ ಕೆಲಸವೇ ಸರಿ.

ಆದರೆ ಒಂದು ಭೇದವುಂಟು. ಕಮ್ಮಾರನ ಸಾಲೆಯಲ್ಲಿ ತಿದಿ ಕುಲುಮೆಯ ಬೆಂಕಿಯನ್ನು ಊದುತ್ತದೆ. ತಿದಿಯನ್ನು ಒತ್ತುವುದಕ್ಕೆ ಬೇರೊಂದು ಕೈಯಿರುತ್ತದೆ. ದೇಹದಲ್ಲಿ ಹಾಗೆ ಹೊರಗಿನ ಕೈಯಿಲ್ಲ. ತಿದಿ ಊದಿ ಉರಿಸಿದ ಕುಲುಮೆಯೇ ಮರಳಿ ತಿದಿಯನ್ನು ಒತ್ತಬೇಕು. ಕುಲುಮೆ ಮಂದವಾದರೆ ತಿದಿ ದಣಿಯುತ್ತದೆ. ತಿದಿ ದಣಿದರೆ ಕುಲುಮೆ ಇನ್ನಷ್ಟು ಮಂದವಾಗುತ್ತದೆ. ಮೈಟೊಕಾಂಡ್ರಿಯ ರೋಗಗಳಲ್ಲಿ ಕಾಣುವ ಉಸಿರಾಟದ ತೊಂದರೆಯ ತಿರುಳು ಇದೇ. ಇದನ್ನು ಭೌತಶಾಸ್ತ್ರದ ಸರಳ ಲೆಕ್ಕಗಳಿಂದ ಅರಿಯಬಹುದು. ಆ ಲೆಕ್ಕಗಳು ಗೊತ್ತಿಲ್ಲದಿರುವುದು ಕೆಲವೊಮ್ಮೆ ಪ್ರಾಣಕ್ಕೇ ಎರವಾಗಬಹುದಾದ್ದರಿಂದ ಅವುಗಳನ್ನು ಇಲ್ಲಿ ವಿವರಿಸುತ್ತೇವೆ.

ಜೀವಕೋಶದ ಕುಲುಮೆ

ಕೆಂಪು ರಕ್ತಕಣಗಳನ್ನು ಬಿಟ್ಟರೆ ನಮ್ಮ ದೇಹದ ಜೀವಕೋಶಗಳೆಲ್ಲದರೊಳಗೂ ಮೈಟೊಕಾಂಡ್ರಿಯಗಳೆಂಬ ಸೂಕ್ಷ್ಮಾಂಗಗಳಿವೆ. 1890ರಲ್ಲಿ ಜರ್ಮನಿಯ ರಿಚರ್ಡ್ ಆಲ್ಟ್‌ಮನ್ ಇವುಗಳನ್ನು ಎಲ್ಲ ಜೀವಕೋಶಗಳಲ್ಲಿಯೂ ಇರುವ ಕಣಗಳೆಂದು ವರ್ಣಿಸಿದನು. 1898ರಲ್ಲಿ ಕಾರ್ಲ್ ಬೆಂಡಾ ಇವುಗಳಿಗೆ ಗ್ರೀಕ್ ಭಾಷೆಯ ನೂಲು ಮತ್ತು ಕಾಳು ಎಂಬ ಅರ್ಥದ ಎರಡು ಶಬ್ದಗಳನ್ನು ಕೂಡಿಸಿ ಈಗಿನ ಹೆಸರನ್ನು ಇಟ್ಟನು. ನಾವು ಸೇವಿಸಿದ ಆಮ್ಲಜನಕದ ಬಹುಭಾಗವೂ ಕೊನೆಗೆ ವ್ಯಯವಾಗುವುದು ಇಲ್ಲಿಯೇ.

ಇಲ್ಲಿ ತಯಾರಾಗುವ ಸರಕಿಗೆ ಎಟಿಪಿ ಎಂದು ಹೆಸರು. ಸ್ನಾಯುವಿನ ಸೆಳೆತಕ್ಕೂ ನರದ ಸಂದೇಶಕ್ಕೂ ಇದೇ ಚಲಾವಣೆಯ ನಾಣ್ಯ. 1929ರಲ್ಲಿ ಇದನ್ನು ಸ್ನಾಯುವಿನಿಂದ ಬೇರ್ಪಡಿಸಿ ಗುರುತಿಸಿದವರಲ್ಲಿ ಆಂಧ್ರದ ಭೀಮವರಂನಲ್ಲಿ ಹುಟ್ಟಿ ಅಮೆರಿಕದ ಹಾರ್ವರ್ಡಿನಲ್ಲಿ ದುಡಿಯುತ್ತಿದ್ದ ಯಲ್ಲಾಪ್ರಗಡ ಸುಬ್ಬರಾವ್ ಒಬ್ಬರೆಂಬುದು ನಮ್ಮ ವಿದ್ಯಾರ್ಥಿಗಳು ನೆನಪಿಡಬೇಕಾದ ಸಂಗತಿ. ಅದೇ ವರ್ಷ ಜರ್ಮನಿಯ ಲೋಮನ್ ಎಂಬಾತನೂ ಸ್ವತಂತ್ರವಾಗಿ ಇದನ್ನು ಕಂಡುಹಿಡಿದನು.

ಎಟಿಪಿ ತಯಾರಾಗುವ ಬಗೆಯನ್ನು ತಿಳಿಯಲು ಕೃಷ್ಣೆಗೆ ಆಲಮಟ್ಟಿಯಲ್ಲಿ ಕಟ್ಟಿರುವ ಅಣೆಕಟ್ಟನ್ನು ನೆನೆಯೋಣ. ಗೋಡೆಯ ಒಂದು ಬದಿಗೆ ನೀರು ಎತ್ತರವಾಗಿ ನಿಲ್ಲುತ್ತದೆ. ಅದನ್ನು ಕೊಳವೆಯ ಮೂಲಕ ಕೆಳಗೆ ಬಿಟ್ಟಾಗ ಚಕ್ರ ತಿರುಗಿ ವಿದ್ಯುತ್ತು ಹುಟ್ಟುತ್ತದೆ. ಮೈಟೊಕಾಂಡ್ರಿಯದ ಒಳಪೊರೆಯೂ ಇಂಥ ಒಂದು ಅಣೆಕಟ್ಟು. ಆಹಾರದಿಂದ ಬಂದ ಎಲೆಕ್ಟ್ರಾನುಗಳು ಪೊರೆಯಲ್ಲಿರುವ ಪ್ರೋಟೀನುಗಳ ಸಾಲಿನಲ್ಲಿ ಕೈಯಿಂದ ಕೈಗೆ ಸಾಗಿ, ಕೊನೆಗೆ ಆಮ್ಲಜನಕವನ್ನು ಸೇರಿ, ನೀರಾಗುತ್ತವೆ. ದಾರಿಯಲ್ಲಿ ಅವು ಬಿಟ್ಟುಕೊಟ್ಟ ಶಕ್ತಿಯಿಂದ ಪ್ರೋಟಾನುಗಳು ಪೊರೆಯ ಹೊರಬದಿಗೆ ಎತ್ತಲ್ಪಡುತ್ತವೆ. ಅವು ಮರಳಿ ಒಳಕ್ಕೆ ಹರಿಯುವಾಗ ಒಂದು ಸೂಕ್ಷ್ಮ ಚಕ್ರ ನಿಜವಾಗಿಯೇ ತಿರುಗಿ ಎಟಿಪಿಯನ್ನು ಕಟ್ಟುತ್ತದೆ. ಪ್ರೋಟಾನುಗಳ ಈ ಅಣೆಕಟ್ಟಿನ ಕಲ್ಪನೆಯನ್ನು 1961ರಲ್ಲಿ ಮುಂದಿಟ್ಟ ಇಂಗ್ಲೆಂಡಿನ ಪೀಟರ್ ಮಿಚೆಲ್‌ಗೆ 1978ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಪೊರೆಯ ಎರಡು ಬದಿಗಳ ನಡುವಿನ ವ್ಯತ್ಯಾಸ ಸುಮಾರು 0.15 ವೋಲ್ಟು ಮಾತ್ರ. ಇದೇನು ಮಹಾ ಎನ್ನಬೇಡಿರಿ. ಪೊರೆಯ ದಪ್ಪ ಸುಮಾರು 5 ನ್ಯಾನೊಮೀಟರು. ಭಾಗಿಸಿ ನೋಡಿದರೆ ಮೀಟರೊಂದಕ್ಕೆ 3 ಕೋಟಿ ವೋಲ್ಟಿನಷ್ಟು ಪ್ರಬಲವಾದ ವಿದ್ಯುತ್ ಕ್ಷೇತ್ರ! ಒಣಗಾಳಿಯನ್ನು ಸೀಳಿ ಕಿಡಿ ಹಾರಿಸುವುದಕ್ಕೆ ಇದರ ಹತ್ತನೆಯ ಒಂದು ಭಾಗ ಸಾಕು. ಇಂಥ ಪೊರೆಯಲ್ಲಿ ಒಂದು ಪ್ರೋಟೀನು ತಪ್ಪಾಗಿ ಜೋಡಣೆಯಾದರೂ ಶಕ್ತಿಯ ಉತ್ಪಾದನೆ ಕುಸಿಯುವುದರಲ್ಲಿ ಆಶ್ಚರ್ಯವಿಲ್ಲ.

ಕುಲುಮೆ ಕೆಟ್ಟಾಗ

1962ರಲ್ಲಿ ಸ್ವೀಡನ್ನಿನ ವೈದ್ಯ ರಾಲ್ಫ್ ಲುಫ್ಟ್ ಮತ್ತು ಅವನ ಸಂಗಡಿಗರು ಒಬ್ಬ ಮಹಿಳೆಯ ಕಾಯಿಲೆಗೆ ಮೈಟೊಕಾಂಡ್ರಿಯಗಳ ದೋಷವೇ ಮೂಲವೆಂದು ತೋರಿಸಿದರು. ಈ ಬಗೆಯ ರೋಗಗಳ ಅಧ್ಯಯನ ಅಲ್ಲಿಂದ ಆರಂಭವಾಯಿತು. ಮೈಟೊಕಾಂಡ್ರಿಯಕ್ಕೆ ತನ್ನದೇ ಆದ ಪುಟ್ಟ ಡಿಎನ್‌ಎ ಉಂಟು. ಅದರಲ್ಲಿ 37 ಜೀನುಗಳು, 16,569 ಅಕ್ಷರಜೋಡಿಗಳು ಇವೆಯೆಂಬುದು 1981ರಲ್ಲಿ ಗೊತ್ತಾಯಿತು. ಈ ಡಿಎನ್‌ಎಯಲ್ಲಿನ ದೋಷಗಳು ರೋಗಕ್ಕೆ ಕಾರಣವಾಗುವುದು 1988ರಲ್ಲಿ ಖಚಿತವಾಯಿತು. ಮೈಟೊಕಾಂಡ್ರಿಯಕ್ಕೆ ಬೇಕಾದ ಉಳಿದ ಸಾವಿರಕ್ಕೂ ಹೆಚ್ಚಿನ ಪ್ರೋಟೀನುಗಳ ಬರಹವಿರುವುದು ಜೀವಕೋಶದ ಕೇಂದ್ರದಲ್ಲಿ.

ಆದುದರಿಂದ ಈ ರೋಗಗಳು ಎರಡು ದಾರಿಗಳಲ್ಲಿ ಇಳಿದುಬರುತ್ತವೆ. ಮೈಟೊಕಾಂಡ್ರಿಯದ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ. ಕೇಂದ್ರದ ಜೀನುಗಳಾದರೋ ತಂದೆತಾಯಿಗಳಿಬ್ಬರಿಂದಲೂ ಬರುತ್ತವೆ. ಬಹುಪಾಲು ಸಂದರ್ಭಗಳಲ್ಲಿ ಇಬ್ಬರ ಪ್ರತಿಯೂ ಕೆಟ್ಟಿದ್ದರೆ ಮಾತ್ರ ಮಗುವಿಗೆ ರೋಗ. ಸೋದರಮಾವನೊಡನೆ, ಅತ್ತೆ-ಮಾವಂದಿರ ಮಕ್ಕಳೊಡನೆ ಮದುವೆಯಾಗುವ ರೂಢಿ ನಮ್ಮಲ್ಲಿ ಹಳೆಯದು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಮದುವೆಗಳಲ್ಲಿ ಸುಮಾರು ಕಾಲುಭಾಗ ರಕ್ತಸಂಬಂಧದವು. ಇಂಥ ಮದುವೆಗಳಲ್ಲಿ ಒಂದೇ ಕೆಟ್ಟ ಪ್ರತಿ ಎರಡು ಕಡೆಯಿಂದಲೂ ಬಂದು ಕೂಡುವ ಸಂಭವ ಹೆಚ್ಚು. ಇದನ್ನು ತಿಳಿಯಬೇಕಾದದ್ದು ಮುಂದಿನ ಎಚ್ಚರಕ್ಕಾಗಿಯೇ ಹೊರತು ಸೊಸೆಯ ಮೇಲೆಯೋ ತಾಯಿಯ ಮೇಲೆಯೋ ತಪ್ಪು ಹೊರಿಸುವುದಕ್ಕಲ್ಲ. ಯಾರೂ ತಮ್ಮ ಜೀನುಗಳನ್ನು ಆರಿಸಿಕೊಂಡು ಹುಟ್ಟುವುದಿಲ್ಲ.

ಈ ರೋಗಗಳು ಅಪರೂಪದವು. ಪಾಶ್ಚಾತ್ಯ ದೇಶಗಳ ಅಂದಾಜಿನಂತೆ ಸುಮಾರು 5,000 ಜನಕ್ಕೆ ಒಬ್ಬರು. ಆದರೆ ಲಕ್ಷಗಟ್ಟಲೆ ಜನರಿರುವ ನಾಡಿನಲ್ಲಿ ಅಪರೂಪವೆಂಬುದೂ ಸಣ್ಣ ಸಂಖ್ಯೆಯಲ್ಲ. 1974ರಲ್ಲಿ ಎರಡು ಸಂಸ್ಥೆಗಳು ಕೂಡಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಮಕ್ಕಳನ್ನೂ ವಯಸ್ಕರನ್ನೂ ಬಹುಕಾಲದಿಂದ ಪರೀಕ್ಷಿಸುತ್ತಿದ್ದಾರೆ. ಅಲ್ಲಿನ ವೈದ್ಯರು ಹೈದರಾಬಾದಿನ ಸಿಸಿಎಂಬಿಯ ವಿಜ್ಞಾನಿಗಳೊಡನೆ ಕೂಡಿ, ಲೀ ರೋಗವೆಂಬ ಬಗೆಯ ಬಗ್ಗೆ ವಿವರವಾದ ವರದಿಗಳನ್ನು ಪ್ರಕಟಿಸಿದ್ದಾರೆ. 1951ರಲ್ಲಿ ಇಂಗ್ಲೆಂಡಿನ ಡೆನಿಸ್ ಲೀ ಒಂದು ಹಸುಗೂಸಿನಲ್ಲಿ ಮೊದಲು ವಿವರಿಸಿದ ಈ ರೋಗ ಮೆದುಳಿನ ಆಳದ ಭಾಗಗಳನ್ನು ಹಾನಿಗೊಳಿಸುತ್ತದೆ. ಉಸಿರಾಟದ ಲಯವನ್ನು ಆಳುವ ಕೇಂದ್ರವಿರುವುದೂ ಆ ಭಾಗದಲ್ಲಿಯೇ.

ತಿದಿ ಸೋಲುವ ಬಗೆಗಳು

ಮೈಟೊಕಾಂಡ್ರಿಯ ರೋಗಿಯ ಉಸಿರು ಹಲವು ಬಗೆಗಳಲ್ಲಿ ಕೆಡಬಹುದು.

ಮೊದಲನೆಯದು, ಅಪ್ಪಣೆಯ ದೋಷ. ಮೆದುಳಿನ ಬುಡದಲ್ಲಿರುವ ಉಸಿರಾಟದ ಕೇಂದ್ರ ಹಾನಿಗೊಂಡರೆ ಲಯ ತಪ್ಪುತ್ತದೆ. ನಿದ್ದೆಯಲ್ಲಿ ಉಸಿರು ನಡುನಡುವೆ ನಿಂತುಹೋಗುತ್ತದೆ. ಲೀ ರೋಗದ ಮಕ್ಕಳಲ್ಲಿ ಇದೇ ದೊಡ್ಡ ಭಯ.

ಎರಡನೆಯದು, ಸ್ನಾಯುವಿನ ಬಲಹೀನತೆ. ಅಪ್ಪಣೆ ಸರಿಯಾಗಿ ಬಂದರೂ ವಪೆಯು ಎಳೆಯಲಾರದು. ಕೆಲವು ಬಗೆಗಳಲ್ಲಿ ರೋಗಿ ನಡೆದಾಡುತ್ತಿರುವಾಗಲೇ ವಪೆ ಸೋತಿರುತ್ತದೆ. ಕಾಲಿನ ಬಲವನ್ನು ನೋಡಿ ಉಸಿರಿನ ಬಲವನ್ನು ಊಹಿಸಲಾಗದು.

ಮೂರನೆಯದು, ಕೆಮ್ಮೂ ನುಂಗುವಿಕೆಯೂ ಕುಂದುವುದು. ಗಂಟಲಿನ ಸ್ನಾಯುಗಳು ಸೋತರೆ ನೀರು, ಗಂಜಿ ದಾರಿ ತಪ್ಪಿ ಶ್ವಾಸನಾಳಕ್ಕೆ ಇಳಿಯುತ್ತವೆ. ಅದನ್ನು ಹೊರಹಾಕುವಷ್ಟು ಜೋರಾದ ಕೆಮ್ಮು ಇಲ್ಲದಿದ್ದರೆ ನ್ಯುಮೋನಿಯ ಉಂಟಾಗುತ್ತದೆ.

ನಾಲ್ಕನೆಯದು ಇವೆಲ್ಲಕ್ಕಿಂತ ಬೇರೆ. ಕುಲುಮೆ ಸರಿಯಾಗಿ ಉರಿಯದಿದ್ದಾಗ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಶೇಖರವಾಗುತ್ತದೆ. ಈ ಹುಳಿಯನ್ನು ಸರಿದೂಗಿಸಲು ದೇಹ ಆಳವಾಗಿ, ವೇಗವಾಗಿ ಉಸಿರಾಡುತ್ತದೆ. ನೋಡಿದವರಿಗೆ ಉಬ್ಬಸವೆಂದೋ ಹೆದರಿಕೆಯೆಂದೋ ತೋರಬಹುದು. ಅಂಥವರಿಗೆ ಮಂಪರು ಬರಿಸುವ ಮದ್ದು ಕೊಟ್ಟರೆ ದೇಹ ಮಾಡಿಕೊಂಡ ಪರಿಹಾರವನ್ನೇ ಕಿತ್ತುಕೊಂಡಂತೆ ಆಗುತ್ತದೆ.

ಒಂದು ಲೆಕ್ಕ

ಈಗ ಎರಡನೆಯ ಬಗೆಯನ್ನು ಲೆಕ್ಕಕ್ಕೆ ಒಳಪಡಿಸೋಣ. ಆರೋಗ್ಯವಂತನಾದ ವಯಸ್ಕನು ವಿಶ್ರಾಂತಿಯಲ್ಲಿ ಒಂದು ಉಸಿರಿಗೆ ಸುಮಾರು 500 ಮಿಲಿಲೀಟರು ಗಾಳಿಯನ್ನು ಎಳೆಯುತ್ತಾನೆ. ಇದರಲ್ಲಿ ಸುಮಾರು 150 ಮಿಲಿಲೀಟರು ಮೂಗು, ಗಂಟಲು, ಶ್ವಾಸನಾಳಗಳಲ್ಲಿಯೇ ಉಳಿದು, ರಕ್ತದ ಸಮೀಪಕ್ಕೆ ಬಾರದೆ ಹಿಂದಿರುಗುತ್ತದೆ. ನಿಮಿಷಕ್ಕೆ 12 ಉಸಿರು ಎಂದು ಹಿಡಿದರೆ ಒಟ್ಟು 6,000 ಮಿಲಿಲೀಟರು. ಕೆಲಸಕ್ಕೆ ಒದಗಿದ್ದು 12 × 350, ಅಂದರೆ 4,200.

ಸ್ನಾಯು ಸೋತವನು ಆಳವಾಗಿ ಎಳೆಯಲಾರದೆ ವೇಗವಾಗಿ ಎಳೆಯುತ್ತಾನೆ. ನಿಮಿಷಕ್ಕೆ 24 ಉಸಿರು, ಒಂದೊಂದು 250 ಮಿಲಿಲೀಟರು ಎಂದುಕೊಳ್ಳೋಣ. ಒಟ್ಟು ಮೊತ್ತ ಅದೇ 6,000. ಆದರೆ ಪ್ರತಿ ಉಸಿರಿನಲ್ಲಿಯೂ 150 ಮಿಲಿಲೀಟರಿನ ತೆರಿಗೆಯನ್ನು ತೆರಲೇಬೇಕು. ಕೆಲಸಕ್ಕೆ ಒದಗಿದ್ದು 24 × 100, ಅಂದರೆ 2,400 ಮಾತ್ರ. ಎದೆ ಬೇಗ ಬೇಗ ಆಡುತ್ತಿದೆ, ಉಸಿರು ಮಾತ್ರ ಸಾಲದು!

ಇದರ ಪರಿಣಾಮ ಮೊದಲು ಕಾಣುವುದು ಇಂಗಾಲಾಮ್ಲ ವಾಯುವಿನಲ್ಲಿ, ಅಂದರೆ ಇಂದಿನ ಪಠ್ಯಪುಸ್ತಕಗಳ ಕಾರ್ಬನ್ ಡೈಆಕ್ಸೈಡಿನಲ್ಲಿ. ದೇಹ ಅದನ್ನು ಒಂದೇ ವೇಗದಲ್ಲಿ ಉತ್ಪಾದಿಸುತ್ತಿದ್ದರೆ, ರಕ್ತದಲ್ಲಿ ಅದರ ಒತ್ತಡವು ಕೆಲಸಕ್ಕೊದಗಿದ ಗಾಳಿಗೆ ವಿಲೋಮವಾಗಿರುತ್ತದೆ. ಸಾಮಾನ್ಯವಾಗಿ ಆ ಒತ್ತಡ ಪಾದರಸದ 40 ಮಿಲಿಮೀಟರು. ಈಗ 40 × 4,200 ÷ 2,400, ಅಂದರೆ 70. ಈ ಮಟ್ಟ ಕ್ರಮೇಣ ಏರಿದರೆ ತಲೆನೋವು, ಮಂಕು, ತೂಕಡಿಕೆ. ಇನ್ನೂ ಏರಿದರೆ ಪ್ರಜ್ಞೆಯೇ ಹೋಗಬಹುದು.

ಬೆರಳಿನ ಯಂತ್ರ ಹೇಳದ ಮಾತು

ಕೊರೊನಾ ಪಿಡುಗಿನ ಕಾಲದಲ್ಲಿ, 2020ರ ಬಳಿಕ, ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರು ಹಳ್ಳಿಗಳ ಮನೆಗಳಿಗೂ ಬಂದಿತು. 1974ರಲ್ಲಿ ಜಪಾನಿನ ತಾಕುವೊ ಆಯೋಯಾಗಿ ಇದರ ತತ್ತ್ವವನ್ನು ಪ್ರಕಟಿಸಿದನು. ಆಮ್ಲಜನಕ ಹೊತ್ತ ಹಿಮೊಗ್ಲೋಬಿನ್ ಮತ್ತು ಹೊರದ ಹಿಮೊಗ್ಲೋಬಿನ್ ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನೂ ಬೇರೆ ಬೇರೆ ಪ್ರಮಾಣಗಳಲ್ಲಿ ಹೀರುತ್ತವೆ. ಯಂತ್ರ ಎರಡನ್ನೂ ಹೋಲಿಸಿ ನೂರಕ್ಕೆ ಎಷ್ಟು ಭಾಗ ಆಮ್ಲಜನಕವನ್ನು ಹೊತ್ತಿದೆಯೆಂದು ಹೇಳುತ್ತದೆ. ಬಹಳ ಉಪಯುಕ್ತವಾದ ಯಂತ್ರ. ಆದರೆ ಇಂಗಾಲಾಮ್ಲದ ವಿಷಯದಲ್ಲಿ ಅದು ಮೂಕ.

ಈ ಮೌನದ ಅಪಾಯವನ್ನು ಮೇಲಿನ ಲೆಕ್ಕವನ್ನೇ ಮುಂದುವರಿಸಿ ಕಾಣೋಣ. ಸಮುದ್ರಮಟ್ಟದಿಂದ ಸುಮಾರು 400 ಮೀಟರು ಎತ್ತರದಲ್ಲಿರುವ ಯಾದಗಿರಿ ಸೀಮೆಯಲ್ಲಿ ಗಾಳಿಯ ಒತ್ತಡವನ್ನು ಪಾದರಸದ 725 ಮಿಲಿಮೀಟರು ಎಂದು ಹಿಡಿಯಬಹುದು. ದೇಹದ ಬಿಸುಪಿನಲ್ಲಿ ನೀರಿನ ಆವಿ ಇದರಲ್ಲಿ 47 ಭಾಗವನ್ನು ಆಕ್ರಮಿಸುತ್ತದೆ. ಉಳಿದ 678ರಲ್ಲಿ ಆಮ್ಲಜನಕದ ಪಾಲು ನೂರಕ್ಕೆ 21ರಂತೆ 142. ಶ್ವಾಸಕೋಶದ ಗಾಳಿಗೂಡುಗಳಲ್ಲಿ ಇಂಗಾಲಾಮ್ಲವೂ ತನ್ನ ಸ್ಥಳವನ್ನು ಕೇಳುತ್ತದೆ. ಅದರ ಒತ್ತಡವನ್ನು 0.8ರಿಂದ ಭಾಗಿಸಿ ಕಳೆದರೆ ಉಳಿಯುವುದೇ ಅಲ್ಲಿನ ಆಮ್ಲಜನಕದ ಒತ್ತಡ. ಆರೋಗ್ಯವಂತನಲ್ಲಿ 142 − 50 = 92. ನಮ್ಮ ರೋಗಿಯಲ್ಲಿ ಇಂಗಾಲಾಮ್ಲ 70 ಆದ್ದರಿಂದ 142 − 88 = 54. ಬೆರಳಿನ ಯಂತ್ರ ಸುಮಾರು 85ನ್ನು ತೋರಿಸೀತು. ಮನೆಯವರು ಗಾಬರಿಗೊಂಡು ಆಸ್ಪತ್ರೆಗೆ ಧಾವಿಸುವರು.

ಅಲ್ಲಿ ಆಮ್ಲಜನಕದ ಕೊಳವೆಯನ್ನು ಮೂಗಿಗೆ ಇಟ್ಟು, ಒಳಗೆ ಹೋಗುವ ಗಾಳಿಯಲ್ಲಿ ಆಮ್ಲಜನಕವನ್ನು ನೂರಕ್ಕೆ 30ಕ್ಕೆ ಏರಿಸಿದರೆಂದು ಭಾವಿಸೋಣ. 678ರಲ್ಲಿ ನೂರಕ್ಕೆ 30 ಎಂದರೆ 203. ಅದರಿಂದ 88 ಕಳೆದರೆ 115. ಈಗ ಯಂತ್ರ 97, 98 ಎಂದು ತೋರಿಸುವುದು. ಎಲ್ಲರೂ ನೆಮ್ಮದಿಯ ನಿಟ್ಟುಸಿರು ಬಿಡುವರು. ಆದರೆ ತಿದಿಗೆ ಯಾವ ನೆರವೂ ದೊರೆತಿಲ್ಲ. ಇಂಗಾಲಾಮ್ಲ ಇನ್ನೂ 70ರಲ್ಲಿಯೇ ಇದೆ. ಸ್ನಾಯು ದಣಿಯುತ್ತ ಹೋದಂತೆ ಅದು 80, 90 ಆಗಬಹುದು. ಯಂತ್ರ ಒಳ್ಳೆಯ ಅಂಕಿಯನ್ನು ತೋರುತ್ತಿರುವಂತೆಯೇ ರೋಗಿ ಮಂಪರಿಗೆ ಜಾರುವನು. ಚೆನ್ನಾಗಿ ನಿದ್ದೆ ಹತ್ತಿದೆಯೆಂದು ಪಕ್ಕದಲ್ಲಿರುವವರು ತಿಳಿಯುವರು.

ಇದರಿಂದ ಆಮ್ಲಜನಕವನ್ನು ಕೊಡಲೇಬಾರದೆಂದು ಯಾರೂ ತೀರ್ಮಾನಿಸಬಾರದು. ರಕ್ತದಲ್ಲಿ ಅದು ಕಡಿಮೆಯಾಗಿದ್ದರೆ ಕೊಡಲೇಬೇಕು. ನ್ಯುಮೋನಿಯದಲ್ಲಂತೂ ಅದೇ ಪ್ರಾಣರಕ್ಷಕ. ಆದರೆ ಅದರ ಜೊತೆಗೆ ಎರಡು ಕೆಲಸಗಳಾಗಬೇಕು: ಇಂಗಾಲಾಮ್ಲವನ್ನು ಅಳೆಯಬೇಕು, ಅದು ಏರಿದ್ದರೆ ತಿದಿಗೆ ನೆರವು ನೀಡಬೇಕು.

ಕೊಪೆನ್‌ಹೇಗನ್ನಿನ ವಿದ್ಯಾರ್ಥಿಗಳು

ಈ ಪಾಠವನ್ನು ಜಗತ್ತು ಕಲಿತದ್ದು ಬೇರೊಂದು ರೋಗದಿಂದ. 1952ರಲ್ಲಿ ಡೆನ್ಮಾರ್ಕಿನ ಕೊಪೆನ್‌ಹೇಗನ್ನಿನಲ್ಲಿ ಪೋಲಿಯೊ ಭೀಕರವಾಗಿ ಹಬ್ಬಿತು. ಉಸಿರಾಟದ ಸ್ನಾಯುಗಳು ಸೋತ ರೋಗಿಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಸಾಯುತ್ತಿದ್ದರು. ರಕ್ತದಲ್ಲಿ ಬೈಕಾರ್ಬೊನೇಟು ಏರಿದ್ದನ್ನು ಕಂಡ ವೈದ್ಯರು ಕ್ಷಾರ ಹೆಚ್ಚಿದೆಯೆಂದು ಬಗೆದಿದ್ದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಅದು ಇಂಗಾಲಾಮ್ಲ ಶೇಖರವಾದುದರ ಗುರುತೆಂದು ಅರಿತನು. ಆಗಸ್ಟ್ 27ರಂದು ಸಾವಿನ ಅಂಚಿನಲ್ಲಿದ್ದ ಹನ್ನೆರಡು ವರ್ಷದ ಒಬ್ಬ ಬಾಲಕಿಯ ಗಂಟಲಿನಲ್ಲಿ ರಂಧ್ರ ಮಾಡಿಸಿ, ಕೊಳವೆ ಇರಿಸಿ, ರಬ್ಬರಿನ ಚೀಲವನ್ನು ಕೈಯಿಂದ ಹಿಚುಕಿ ಗಾಳಿ ತುಂಬಿದನು. ಬಾಲಕಿ ಉಳಿದಳು.

ಆಗ ಸಾಕಷ್ಟು ಯಂತ್ರಗಳಿರಲಿಲ್ಲ. ಸುಮಾರು 1,500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಹಾಸಿಗೆಗಳ ಪಕ್ಕದಲ್ಲಿ ಕುಳಿತು, ತಿಂಗಳುಗಟ್ಟಲೆ, ಹಗಲಿರುಳು ಚೀಲ ಹಿಚುಕಿದರು. ಸಾವಿನ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಪೋಲಿಯೊಗೆ ಅವರ ಬಳಿ ಮದ್ದಿರಲಿಲ್ಲ; ದಣಿದ ತಿದಿಗೆ ಅವರು ಕೈಯಾದರು, ಅಷ್ಟೆ. ಇಂದಿನ ತೀವ್ರ ನಿಗಾ ಘಟಕಗಳು ಆ ಕೈಗಳ ಸಂತಾನ. ಮೈಟೊಕಾಂಡ್ರಿಯ ರೋಗಗಳಿಗೂ ಇದೇ ಮಾತು ಸಲ್ಲುತ್ತದೆ. ಇವುಗಳಲ್ಲಿ ಬಹುಪಾಲನ್ನು ಬುಡಸಹಿತ ಕೀಳುವ ಮದ್ದು ಇನ್ನೂ ಇಲ್ಲ. ಆದರೆ ಮೂಲರೋಗ ವಾಸಿಯಾಗದಿದ್ದರೂ ಉಸಿರಿಗೆ ನೆರವು ನೀಡಬಹುದು.

ಸುಳಿವುಗಳೂ ಪರೀಕ್ಷೆಗಳೂ

ತಿದಿಯ ಸೋಲು ಮೊದಲು ಹೊರಬೀಳುವುದು ರಾತ್ರಿಯಲ್ಲಿ. ಮಲಗಿದಾಗ ಹೊಟ್ಟೆಯ ಅಂಗಗಳು ವಪೆಯನ್ನು ಮೇಲಕ್ಕೆ ಒತ್ತುತ್ತವೆ. ಅದಲ್ಲದೆ ಕನಸು ಬೀಳುವ ನಿದ್ದೆಯಲ್ಲಿ ಪಕ್ಕೆಲುಬಿನ ಸ್ನಾಯುಗಳು ಸಡಿಲವಾಗಿ, ಭಾರವೆಲ್ಲ ವಪೆಯೊಂದರ ಮೇಲೆಯೇ ಬೀಳುತ್ತದೆ. ಆದ್ದರಿಂದ ಮನೆಯವರು ಗಮನಿಸಬೇಕಾದ ಸುಳಿವುಗಳು ಇವು: ಚಪ್ಪಟೆಯಾಗಿ ಮಲಗಲಾರದೆ ದಿಂಬುಗಳನ್ನು ಏರಿಸಿಕೊಳ್ಳುವುದು, ಮೇಲಿಂದ ಮೇಲೆ ಎಚ್ಚರವಾಗುವುದು, ಬೆಳಗ್ಗೆ ಏಳುವಾಗ ತಲೆನೋವು, ಹಗಲು ತೂಕಡಿಕೆ, ಪಾಠದಲ್ಲಿ ಮಂಕು, ಮಾತಿನ ನಡುವೆ ಉಸಿರಿಗಾಗಿ ನಿಲ್ಲುವುದು, ಕ್ಷೀಣವಾದ ಕೆಮ್ಮು, ಉಣ್ಣುವಾಗ ಕೆಮ್ಮು ಬರುವುದು. ಉಸಿರೆಳೆದಾಗ ಹೊಟ್ಟೆ ಉಬ್ಬುವ ಬದಲು ಒಳಸೇರಿದರೆ ವಪೆ ಸೋತಿದೆಯೆಂದು ಸಂದೇಹಿಸಬೇಕು.

ಆಳವಾಗಿ ಉಸಿರೆಳೆದು ಒಂದೇ ದಮ್ಮಿನಲ್ಲಿ, ಸೆಕೆಂಡಿಗೆ ಎರಡರಂತೆ, ಗಟ್ಟಿಯಾಗಿ ಎಣಿಸುವ ಸರಳ ಪರೀಕ್ಷೆಯೊಂದುಂಟು. ಆರೋಗ್ಯವಂತರಾದ ವಯಸ್ಕರು ಸಾಮಾನ್ಯವಾಗಿ ಐವತ್ತರ ಸಮೀಪಕ್ಕೆ ಹೋಗಬಲ್ಲರು. ಇಪ್ಪತ್ತಕ್ಕೂ ಮುಟ್ಟದಿದ್ದರೆ ತಡಮಾಡಬಾರದು. ಇದು ವೈದ್ಯರ ಬಳಿಗೆ ಹೋಗಲು ಸುಳಿವೇ ಹೊರತು ರೋಗನಿರ್ಣಯವಲ್ಲ. ಆಸ್ಪತ್ರೆಯಲ್ಲಿ ಊದಿಸಿ ನೋಡುವ ಸ್ಪೈರೋಮೀಟರಿನಿಂದ, ಕುಳಿತಾಗಲೂ ಮಲಗಿದಾಗಲೂ, ಒಂದು ಉಸಿರಿನ ಪೂರ್ಣ ಗಾತ್ರವನ್ನು ಅಳೆಯುವರು. ಮಲಗಿದೊಡನೆ ಅದು ಕಾಲುಭಾಗಕ್ಕಿಂತ ಹೆಚ್ಚು ಇಳಿದರೆ ವಪೆಯ ಬಲಹೀನತೆ ಬಹುಮಟ್ಟಿಗೆ ಖಚಿತ. ರಕ್ತದ ಅನಿಲಗಳ ಪರೀಕ್ಷೆಯೂ ನಿದ್ದೆಯಲ್ಲಿ ಇಂಗಾಲಾಮ್ಲವನ್ನು ಅಳೆಯುವ ಪರೀಕ್ಷೆಯೂ ಇದಕ್ಕೆ ಪೂರಕ. ತೊಂದರೆ ಕಾಣಿಸದಿದ್ದರೂ ವೈದ್ಯರು ಹೇಳಿದ ಅವಧಿಗೊಮ್ಮೆ ಇವನ್ನು ಮಾಡಿಸುತ್ತಿರಬೇಕು.

ತಿದಿಗೆ ನೆರವು

ಮುಖ್ಯವಾದ ನೆರವು ಮುಖವಾಡದ ಮೂಲಕ ಗಾಳಿ ಒತ್ತುವ ಪುಟ್ಟ ಯಂತ್ರ. ಎರಡು ಒತ್ತಡಗಳಲ್ಲಿ ಕೆಲಸ ಮಾಡುವುದರಿಂದ ಇದನ್ನು ಬೈಪ್ಯಾಪ್ ಎನ್ನುತ್ತಾರೆ. ಉಸಿರೆಳೆಯುವಾಗ, ಉದಾಹರಣೆಗೆ, ನೀರಿನ 14 ಸೆಂಟಿಮೀಟರು, ಬಿಡುವಾಗ 4. ಈ ವ್ಯತ್ಯಾಸವೇ ಎದೆಯನ್ನು ಉಬ್ಬಿಸುವ ಬಲ. ಹತ್ತು ಸೆಂಟಿಮೀಟರು ನೀರಿನ ಒತ್ತಡವೆಂದರೆ ಬಕೆಟ್ಟಿನ ನೀರಿನಲ್ಲಿ ಒಂದು ಗೇಣಿಗೂ ಕಡಿಮೆ ಆಳದಲ್ಲಿರುವಷ್ಟು. ವಾಯುಮಂಡಲದ ಒತ್ತಡದ ನೂರರಲ್ಲಿ ಒಂದು ಭಾಗ! ಇಷ್ಟು ಅಲ್ಪವಾದ ನೆರವೇ ರಾತ್ರಿಯಿಡೀ ದೊರೆತರೆ ದಣಿದ ಸ್ನಾಯುವಿಗೆ ವಿಶ್ರಾಂತಿ. ಇಂಗಾಲಾಮ್ಲ ಇಳಿದು ಹಗಲಿನ ತಲೆನೋವು, ಮಂಕು ಕಡಿಮೆಯಾಗುತ್ತವೆ. ಒಂದೇ ಒತ್ತಡದ ಸಿಪ್ಯಾಪ್ ಯಂತ್ರ ನೋಡಲು ಇದನ್ನೇ ಹೋಲುತ್ತದೆ. ಆದರೆ ಅದು ಮುಚ್ಚಿಕೊಳ್ಳುವ ಗಂಟಲನ್ನು ತೆರೆದಿಡಬಲ್ಲದೇ ಹೊರತು ತಿದಿಯನ್ನು ಒತ್ತಲಾರದು. ಒತ್ತಡಗಳನ್ನು ನಿಗದಿಪಡಿಸುವುದು ವೈದ್ಯರ ಕೆಲಸ. ಮುಖವಾಡ ಸಾಲದಾದಾಗ ಗಂಟಲಿನ ಕೊಳವೆಯ ಮೂಲಕ ಉಸಿರಾಡಿಸುವ ಪ್ರಶ್ನೆ ಏಳುತ್ತದೆ. ಅದನ್ನು ಆಪತ್ತಿನ ಗಡಿಬಿಡಿಯಲ್ಲಿ ತೀರ್ಮಾನಿಸದೆ, ಮುಂಚೆಯೇ ರೋಗಿಯೂ ಮನೆಯವರೂ ವೈದ್ಯರೊಡನೆ ಕುಳಿತು ಮಾತಾಡಿಕೊಂಡಿರುವುದು ಲೇಸು.

ಎರಡನೆಯ ನೆರವು ಕೆಮ್ಮಿಗೆ. ಆಳವಾದ ಉಸಿರು ಇಲ್ಲದೆ ಜೋರಾದ ಕೆಮ್ಮಿಲ್ಲ. ವಯಸ್ಕರಲ್ಲಿ ಕೆಮ್ಮಿನ ಗಾಳಿಯ ವೇಗ ನಿಮಿಷಕ್ಕೆ 270 ಲೀಟರಿಗಿಂತ ಕಡಿಮೆಯಾದರೆ ಸಣ್ಣ ನೆಗಡಿಯೂ ಅಪಾಯ ತರಬಹುದು. ಹಿಚುಕುವ ಚೀಲದಿಂದ ಉಸಿರಿನ ಮೇಲೆ ಉಸಿರು ಪೇರಿಸಿ, ಬಳಿಕ ಕೆಮ್ಮುವ ಕ್ಷಣದಲ್ಲಿ ಪಕ್ಕೆಲುಬಿನ ಕೆಳಗೆ ಕೈಯಿಂದ ಒತ್ತುವ ಕ್ರಮವನ್ನು ಮನೆಯವರಿಗೆ ಕಲಿಸಿಕೊಡುವರು. ಇದೇ ಕೆಲಸ ಮಾಡುವ ಯಂತ್ರಗಳೂ ಇವೆ.

ಮೂರನೆಯದು ಊಟ. ತೆಳುವಾದ ನೀರು ಗಂಟಲಿನಲ್ಲಿ ಬೇಗ ಹರಿದು ದಾರಿ ತಪ್ಪುವುದು ಸುಲಭ. ಗಟ್ಟಿಯಾದ ಅಂಬಲಿ ನಿಧಾನವಾಗಿ ಇಳಿಯುತ್ತದೆ. ಒಣರೊಟ್ಟಿಯ ಬದಲು ಮೆತ್ತಗೆ ಬೆಂದ ನುಚ್ಚು, ನೆನೆಸಿದ ರೊಟ್ಟಿ ಮೇಲು. ನೆಟ್ಟಗೆ ಕುಳ್ಳಿರಿಸಿ, ಸಣ್ಣ ತುತ್ತುಗಳಲ್ಲಿ ಉಣ್ಣಿಸಬೇಕು. ನುಂಗುವುದು ತೀರ ಕಷ್ಟವಾದರೆ ಹೊಟ್ಟೆಗೆ ನೇರವಾಗಿ ಕೊಳವೆ ಇರಿಸುವುದುಂಟು. ಇದು ಸೋಲಲ್ಲ, ನ್ಯುಮೋನಿಯವನ್ನು ದೂರವಿಡುವ ಉಪಾಯ. ಈ ರೋಗಿಗಳು ಬಹಳ ಹೊತ್ತು ಉಪವಾಸವಿರಬಾರದು. ಜ್ವರ, ವಾಂತಿಗಳಲ್ಲಿ ಬೇಗನೆ ಆಸ್ಪತ್ರೆಗೆ ಹೋಗಬೇಕು. ಯಾವ ದ್ರವ ಸಲ್ಲುತ್ತದೆಂಬುದನ್ನು ರೋಗದ ಬಗೆ ನೋಡಿ ವೈದ್ಯರು ನಿರ್ಧರಿಸುವರು. ಇನ್‌ಫ್ಲುಯೆಂಜ, ನ್ಯುಮೊಕಾಕಸ್‌ಗಳ ಲಸಿಕೆ, ಒಲೆಯ ಹೊಗೆಯಿಂದಲೂ ಬೀಡಿಯ ಹೊಗೆಯಿಂದಲೂ ದೂರವಿರುವುದು, ಇವೂ ರಕ್ಷಣೆಯೇ.

ನಾಲ್ಕನೆಯದು ಮದ್ದುಗಳ ಎಚ್ಚರ. ಮಂಪರಿನ ಮದ್ದುಗಳೂ ಅಫೀಮಿನ ವರ್ಗದ ನೋವುನಿವಾರಕಗಳೂ ಉಸಿರನ್ನು ತಗ್ಗಿಸುತ್ತವೆ. ಮೂರ್ಛೆಗೆ ಕೊಡುವ ವ್ಯಾಲ್‌ಪ್ರೊಯೇಟು, ಪೊಲ್‌ಜಿ ಎಂಬ ಜೀನಿನ ದೋಷವಿರುವವರಲ್ಲಿ ಯಕೃತ್ತಿಗೆ ಮಾರಕವಾಗಬಲ್ಲದು. ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ತಜ್ಞರಿಗೆ ರೋಗದ ವಿಷಯ ತಿಳಿಸಲೇಬೇಕು. ಆದರೆ ನಡೆಯುತ್ತಿರುವ ಮದ್ದನ್ನು ತಾವಾಗಿಯೇ ನಿಲ್ಲಿಸಬಾರದು.

ಕೆಲವು ಬಗೆಗಳಿಗೆ ನೇರ ಚಿಕಿತ್ಸೆಯೂ ಉಂಟು. ಲೀ ರೋಗದಂತೆಯೇ ತೋರುವ ಒಂದು ಕಾಯಿಲೆ ಥಯಾಮಿನ್ ಮತ್ತು ಬಯೋಟಿನ್ ಎಂಬ ಎರಡು ಜೀವಸತ್ವಗಳಿಗೆ, ಬೇಗ ಕೊಟ್ಟರೆ, ಚೆನ್ನಾಗಿ ಮಣಿಯುತ್ತದೆ. ಎಲೆಕ್ಟ್ರಾನುಗಳ ಸಾಗಣೆಗೆ ಬೇಕಾದ ಕೋಎಂಜೈಮ್ ಕ್ಯೂ ಹುಟ್ಟಿನಿಂದಲೇ ಕಡಿಮೆಯಿರುವ ಕೆಲವರಿಗೆ ಅದನ್ನೇ ಕೊಡುವುದರಿಂದ ಗುಣ ಕಂಡಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ರಾಮಶರ್ಮ ಅವರು ವರ್ಷಗಟ್ಟಲೆ ಅಧ್ಯಯನ ಮಾಡಿದ ವಸ್ತುಗಳಲ್ಲಿ ಇದೂ ಒಂದು. ಆದುದರಿಂದ ರೋಗದ ಬಗೆಯನ್ನು ಜೀನುಗಳ ಮಟ್ಟದವರೆಗೆ ಖಚಿತಪಡಿಸಿಕೊಳ್ಳುವುದು ವ್ಯರ್ಥವಲ್ಲ.

ದೂರದ ಊರಿನಲ್ಲಿ

ಈ ನೆರವುಗಳೆಲ್ಲ ದೊಡ್ಡ ನಗರದ ಆಸ್ಪತ್ರೆಯಲ್ಲಿ ಸುಲಭ. ವಡಗೇರಾದಂಥ ಊರಿನಲ್ಲಿ? ಕೃಷ್ಣಾ-ಭೀಮಾ ನದಿಗಳ ನಡುವಣ ಈ ಊರು ಹಿಂದೆ ಶಹಾಪುರ ತಾಲ್ಲೂಕಿನಲ್ಲಿದ್ದು, ಈಗ 2009ರಲ್ಲಿ ರಚಿತವಾದ ಯಾದಗಿರಿ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಇಲ್ಲಿಂದ ನಿಮ್ಹಾನ್ಸ್‌ಗೆ ಹೋಗಬೇಕಾದರೆ ಯಾದಗಿರಿಯಲ್ಲಿ ರೈಲು ಹತ್ತಿ ಒಂದು ರಾತ್ರಿ ಪ್ರಯಾಣ ಮಾಡಬೇಕು. ಆಪತ್ತಿನ ವೇಳೆಯಲ್ಲಿ ಅಷ್ಟು ಕಾಲವಿರುವುದಿಲ್ಲ. ರೋಗಿಯನ್ನು ಮೊದಲು ನೋಡುವವರು ಹತ್ತಿರದ ಆಸ್ಪತ್ರೆಯ ವೈದ್ಯರೇ. ಅವರು ಈ ರೋಗವನ್ನು ಹಿಂದೆಂದೂ ಕಂಡಿರದೆ ಇರುವುದು ಸಹಜ.

ಆದ್ದರಿಂದ ಪ್ರತಿ ರೋಗಿಯ ಮನೆಯಲ್ಲಿಯೂ ತಜ್ಞವೈದ್ಯರು ಬರೆದು ಸಹಿ ಮಾಡಿದ ಒಂದು ಪುಟದ ಚೀಟಿ ಸಿದ್ಧವಿರಬೇಕು. ರೋಗದ ಹೆಸರು, ಆರೋಗ್ಯವಾಗಿದ್ದಾಗಿನ ಉಸಿರಿನ ಗಾತ್ರ, ಇಂಗಾಲಾಮ್ಲದ ಮಟ್ಟ, ಯಂತ್ರದ ಒತ್ತಡಗಳು, ವರ್ಜ್ಯವಾದ ಮದ್ದುಗಳು, ತಜ್ಞರ ದೂರವಾಣಿ, ಮತ್ತು ಈ ಒಂದು ವಾಕ್ಯ: “ಆಮ್ಲಜನಕದ ಅಂಕಿ ಚೆನ್ನಾಗಿದ್ದರೂ ಇಂಗಾಲಾಮ್ಲವನ್ನು ಪರೀಕ್ಷಿಸಿರಿ.” 108ರ ವಾಹನದಲ್ಲಿ ಹೊರಟಾಗ ಈ ಚೀಟಿಯೂ ಬೈಪ್ಯಾಪ್ ಯಂತ್ರವೂ ರೋಗಿಯ ಜೊತೆಗೇ ಹೋಗಬೇಕು.

ಎರಡನೆಯ ಚಿಂತೆ ವಿದ್ಯುತ್ತು. ಬೇಸಗೆಯಲ್ಲಿ 40 ಡಿಗ್ರಿ ಮೀರುವ ಈ ಸೀಮೆಯಲ್ಲಿ ನಡುರಾತ್ರಿ ವಿದ್ಯುತ್ತು ಹೋದರೆ ಇತರರಿಗೆ ಸೆಕೆಯ ಕಾಟ. ಈ ರೋಗಿಗೆ ಉಸಿರಿನದೇ ಪ್ರಶ್ನೆ. ಬ್ಯಾಟರಿಯ ಆಸರೆ ಯಂತ್ರದ ಒಂದು ಅಂಗವೆಂದೇ ತಿಳಿಯಬೇಕು. ಒಂದು ಹಿಚುಕುವ ಚೀಲವೂ, ಅದನ್ನು ಬಳಸಲು ಕಲಿತ ಇಬ್ಬರಾದರೂ ಮನೆಯಲ್ಲಿರಬೇಕು. ಬ್ಯಾಟರಿ ಎಷ್ಟು ಹೊತ್ತು ಬಾಳುವುದೆಂದು ಲೆಕ್ಕ ಹಾಕುವುದು ಕಾಲೇಜಿನ ವಿದ್ಯಾರ್ಥಿಗೆ ಕಷ್ಟವಲ್ಲ. 12 ವೋಲ್ಟಿನ, 100 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 1,200 ವಾಟ್-ಗಂಟೆಯ ಶಕ್ತಿಯಿದೆ; ಅದರಲ್ಲಿ ಅರ್ಧವನ್ನೇ ನೆಚ್ಚಿಕೊಂಡರೂ 40 ವಾಟಿನ ಯಂತ್ರ 15 ಗಂಟೆ ನಡೆದೀತು. ನೆರೆಮನೆಯಲ್ಲಿ ಇಂಥ ರೋಗಿಯಿದ್ದರೆ ನಮ್ಮ ಓದುಗರು ಮಾಡಬಹುದಾದ ಉಪಕಾರಗಳಲ್ಲಿ ಇದೂ ಒಂದು.

ಹಣದ ಚಿಂತೆಯಲ್ಲಿರುವವರು 2021ರ ಅಪರೂಪದ ರೋಗಗಳ ರಾಷ್ಟ್ರೀಯ ನೀತಿಯನ್ನು ತಿಳಿದಿರಬೇಕು. ಅದರಡಿಯಲ್ಲಿ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರವೂ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ ಕೂಡಿ ಒಂದು ಉತ್ಕೃಷ್ಟತಾ ಕೇಂದ್ರವಾಗಿವೆ. ಯಾವ ರೋಗಕ್ಕೆ ಎಂಥ ನೆರವು ದೊರೆಯುತ್ತದೆಂಬುದನ್ನು ಅಲ್ಲಿಯೇ ವಿಚಾರಿಸಿ ತಿಳಿಯಬೇಕು. ಮುಂದಿನ ಮಗುವಿನ ವಿಷಯದಲ್ಲಿ ಸಲಹೆಯನ್ನೂ ಅಲ್ಲಿ ಪಡೆಯಬಹುದು.

ಕುಲುಮೆಯ ದೋಷವನ್ನು ಸರಿಪಡಿಸುವ ಕೆಲಸ ಪ್ರಯೋಗಶಾಲೆಗಳಲ್ಲಿ ನಡೆಯುತ್ತಿದೆ. ಈ ಲೇಖನವನ್ನು ಓದುತ್ತಿರುವ ಹುಡುಗ ಹುಡುಗಿಯರಲ್ಲಿ ಕೆಲವರು ಮುಂದೆ ಅದರಲ್ಲಿ ಪಾಲುಗೊಳ್ಳಬಹುದು. ಅಲ್ಲಿಯವರೆಗೆ ತಿದಿಗೆ ನೆರವಾಗುವುದು ನಮ್ಮ ಕೈಯಲ್ಲಿಯೇ ಇದೆ. ಅದಕ್ಕೆ ಬೇಕಾದದ್ದು ನೀರಿನ ಹತ್ತು ಸೆಂಟಿಮೀಟರಿನಷ್ಟು ಒತ್ತಡ, ಒಂದು ಬ್ಯಾಟರಿ, ಒಂದು ಚೀಟಿ, ಮತ್ತು ಬೆರಳಿನ ಯಂತ್ರ 98 ತೋರಿಸುತ್ತಿದ್ದರೂ ರೋಗಿಯ ಎದೆ ಎಷ್ಟು ಏಳುತ್ತಿದೆಯೆಂದು ಬಾಗಿ ನೋಡುವ ಕಣ್ಣು.